ಕೈರಳಿ ಹಡಗು ಏನಾಯಿತು? ಸಮುದ್ರದಲ್ಲಿ ಕಾಣೆಯಾದವರ ಬಗ್ಗೆ ಗೊತ್ತಿದ್ದವರು ಹೇಳಿ

ಮರಳುದಂಡೆ (ಕಾರವಾರ)

1979ರ ಜೂನ್ 30. ಗೋವಾದ ಮರ್ಮಗೋವಾ ಬಂದರಿನಿಂದ ಎಂ.ವಿ. ಕೈರಳಿ ಅನ್ನೋ ಹಡಗು ಹೊರಟಿತು. ಕೇರಳ ಶಿಪ್ಪಿಂಗ್ ಕಾರ್ಪೊರೇಷನ್ನಿನ ಹಡಗು. ಹೊಟ್ಟೆಯಲ್ಲಿ ಸುಮಾರು ಇಪ್ಪತ್ತು ಸಾವಿರ ಟನ್ ಕಬ್ಬಿಣದ ಅದಿರು. ಪೂರ್ವ ಜರ್ಮನಿಯ ರೋಸ್ಟಾಕ್‌ಗೆ ಹೋಗಬೇಕಿತ್ತು, ದಾರಿಯಲ್ಲಿ ಜಿಬೂಟಿಯಲ್ಲಿ ಇಂಧನ ತುಂಬಿಸಿಕೊಳ್ಳಬೇಕಿತ್ತು. ಜುಲೈ 3ರಂದು ಹಡಗಿನಿಂದ ಕೊನೆಯ ಸಂದೇಶ ಬಂತು. ಅದರಲ್ಲಿ ಅಪಾಯದ ಮಾತೇ ಇರಲಿಲ್ಲ. ಆಮೇಲೆ ಏನೂ ಇಲ್ಲ. ಹಡಗೂ ಇಲ್ಲ, ಐವತ್ತರ ಆಸುಪಾಸಿನಲ್ಲಿದ್ದ ಜನರೂ ಇಲ್ಲ.

ನಲವತ್ತು ವರ್ಷದ ಮೇಲಾಯಿತು. ಕಡಲ್ಗಳ್ಳರು ಹಿಡಿದರು ಅಂತಾರೆ. ಮಳೆಗಾಲದ ಬಿರುಗಾಳಿ ಅಂತಾರೆ. ಅದಿರು ಜಾರಿ ಹಡಗು ಮಗುಚಿತು ಅಂತಾರೆ. ಅಪಾಯದ ಕರೆಯೇ ಕೊಡದೆ ಅಷ್ಟು ದೊಡ್ಡ ಹಡಗು ಮುಳುಗೋದಕ್ಕೆ ಸಾಧ್ಯವಾ? ಹಡಗಿನ ಕೆಲಸ ಮಾಡಿದವರು ಇಲ್ಲಿ ಇದ್ದೀರಿ, ದಯವಿಟ್ಟು ಹೇಳಿ. ಬೇರೆ ಪ್ರಕರಣ ಗೊತ್ತಿದ್ದರೂ ಬರೆಯಿರಿ.

ನಕ್ಷತ್ರದಾರಿ (ದಾವಣಗೆರೆ)

ಚಿಕ್ಕವಯಸ್ಸಿನಿಂದ ನನಗೆ ತಲೆಯಲ್ಲಿ ಕೂತಿರೋದು ಬರ್ಮುಡಾ ತ್ರಿಕೋನ. 1945ರ ಡಿಸೆಂಬರ್ 5ರಂದು ಅಮೆರಿಕದ ನೌಕಾಪಡೆಯ ಐದು ವಿಮಾನಗಳು ಫ್ಲಾರಿಡಾದಿಂದ ತರಬೇತಿಗೆ ಹಾರಿದವು. ಒಳಗೆ 14 ಜನ. ದಿಕ್ಸೂಚಿ ಕೆಲಸ ಮಾಡುತ್ತಿಲ್ಲ ಅಂತ ರೇಡಿಯೋದಲ್ಲಿ ಹೇಳಿದರು. ಒಂದೂ ವಾಪಸು ಬರಲಿಲ್ಲ. ಹುಡುಕೋಕೆ ಹೋದ ದೊಡ್ಡ ವಿಮಾನವೂ 13 ಜನರ ಜೊತೆ ಮಾಯವಾಯಿತು. ಎಲ್ಲವನ್ನೂ ಗಾಳಿ, ಮಳೆ ಅಂತ ತಳ್ಳಿಹಾಕೋದು ಸರಿ ಅನ್ನಿಸಲ್ಲ. ಆ ಜಾಗದಲ್ಲೇ ಏನೋ ಇರಬೇಕು. ಸಮುದ್ರದ ತಳದಿಂದ ಮಿಥೇನ್ ಅನಿಲ ಉಕ್ಕುತ್ತದೆ, ಆ ನೀರಲ್ಲಿ ಹಡಗು ತೇಲೋದೇ ಇಲ್ಲ ಅಂತ ಓದಿದ್ದೆ.

ಹಳೇ_ಚೀಫ್_ಆಫೀಸರ್ (ಮಂಗಳೂರು)

ಜೀವನದ ಬಹುಪಾಲು ಸರಕು ಹಡಗಿನಲ್ಲೇ ಕಳೆದವನು ನಾನು. ಕೈರಳಿಗೆ ಆಮೇಲೆ ಬರುತ್ತೇನೆ. ಮೊದಲು ಬರ್ಮುಡಾ.

ಆ ಐದು ವಿಮಾನಗಳ ಮುಖಂಡ ಬಹಾಮಾ ದ್ವೀಪಗಳ ಮೇಲಿದ್ದ. ಆದರೆ ತಾನು ಫ್ಲಾರಿಡಾದ ದಕ್ಷಿಣ ತುದಿಯ ದ್ವೀಪಗಳ ಮೇಲಿದ್ದೇನೆ ಅಂತ ನಂಬಿಬಿಟ್ಟ. ಒಂದು ಸಲ ಹಾಗೆ ನಂಬಿದ ಮೇಲೆ ದಡ ಯಾವ ಕಡೆ ಅನ್ನೋ ಲೆಕ್ಕವೇ ಉಲ್ಟಾ ಆಗುತ್ತದೆ. ಕತ್ತಲಾಯಿತು, ಹವೆ ಕೆಟ್ಟಿತು, ಇಂಧನ ಮುಗಿಯಿತು. ಹುಡುಕಲು ಹೋದ ವಿಮಾನದ ವಿಷಯದಲ್ಲಿ ಸಾಕ್ಷಿಯೇ ಇದೆ. ಆ ರಾತ್ರಿ ಅಲ್ಲಿ ಹೋಗುತ್ತಿದ್ದ ಒಂದು ಟ್ಯಾಂಕರ್ ಹಡಗಿನವರು ಬೆಂಕಿಯ ಜ್ವಾಲೆ ನೋಡಿದರು, ನೀರಿನ ಮೇಲೆ ಎಣ್ಣೆ ನೋಡಿದರು. ಆ ಮಾದರಿಯ ವಿಮಾನದಲ್ಲಿ ಪೆಟ್ರೋಲ್ ಆವಿ ತುಂಬಿಕೊಳ್ಳುವ ಕಾಟ ಇತ್ತು. ಇದನ್ನು ಮಾಯ ಅನ್ನೋದು ಆ 13 ಜನರಿಗೆ ಮಾಡುವ ಅನ್ಯಾಯ ಅಂತ ನನಗನಿಸುತ್ತದೆ.

'ಬರ್ಮುಡಾ ತ್ರಿಕೋನ' ಅನ್ನೋ ಹೆಸರು ಚಾಲ್ತಿಗೆ ಬಂದದ್ದು 1964ರಲ್ಲಿ, ಒಂದು ಅಮೆರಿಕನ್ ಮಾಸಪತ್ರಿಕೆಯ ಲೇಖನದಿಂದ. ಪ್ರಪಂಚದಲ್ಲೇ ಹಡಗುಗಳ ಓಡಾಟ ಜಾಸ್ತಿ ಇರೋ ಜಾಗಗಳಲ್ಲಿ ಅದೂ ಒಂದು. ಓಡಾಟ ಜಾಸ್ತಿ ಇದ್ದಲ್ಲಿ ಅಪಘಾತವೂ ಜಾಸ್ತಿ, ಅಲ್ವಾ? ಇನ್ನು ಮಿಥೇನ್. ಅಲ್ಲಿ ಕಳೆದ 15,000 ವರ್ಷಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಅನಿಲ ಉಕ್ಕಿದ ಕುರುಹು ಇಲ್ಲ ಅಂತ ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆಯೇ ಹೇಳಿದೆ.

2015ರ ಅಕ್ಟೋಬರ್ 1ರಂದು ಎಲ್ ಫಾರೋ ಅನ್ನೋ ಅಮೆರಿಕದ ಸರಕು ಹಡಗು ಅದೇ ಬಹಾಮಾ ಬಳಿ 33 ಜನರ ಜೊತೆ ಮುಳುಗಿತು. ಐವತ್ತು ವರ್ಷ ಹಿಂದೆ ಆಗಿದ್ದರೆ ಅದೂ ತ್ರಿಕೋನದ ಕಥೆಗೆ ಸೇರುತ್ತಿತ್ತು. ಆದರೆ ಸುಮಾರು 4,600 ಮೀಟರ್ ಆಳದಿಂದ ಹಡಗಿನ ಧ್ವನಿಮುದ್ರಣ ಪೆಟ್ಟಿಗೆಯನ್ನು ಮೇಲೆ ತಂದರು. ಕೊನೆಯ ಗಂಟೆಗಳ ಮಾತುಕತೆ ಪೂರ್ತಿ ಇತ್ತು. ಜೊಕ್ವಿನ್ ಚಂಡಮಾರುತದ ಹಾದಿಗೆ ಹೋದದ್ದು, ನೀರು ಒಳಗೆ ನುಗ್ಗಿದ್ದು, ಇಂಜಿನ್ ನಿಂತದ್ದು, ಎಲ್ಲವೂ ಗೊತ್ತಾಯಿತು. ಪೆಟ್ಟಿಗೆ ಸಿಕ್ಕಿತು, ರಹಸ್ಯ ಹೋಯಿತು.

ನಕ್ಷತ್ರದಾರಿ (ದಾವಣಗೆರೆ)

ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ ಸರ್. ಟ್ಯಾಂಕರ್‌ನವರು ಬೆಂಕಿ ನೋಡಿದ ವಿಷಯ ನಾನು ಓದಿದ ಯಾವ ಲೇಖನದಲ್ಲೂ ಇರಲಿಲ್ಲ. ಆದರೆ ಮೇರಿ ಸೆಲೆಸ್ಟ್? ಹಡಗು ಚೆನ್ನಾಗಿತ್ತು, ಜನ ಮಾತ್ರ ಇರಲಿಲ್ಲ. ಮೇಜಿನ ಮೇಲೆ ಚಹಾ ಇನ್ನೂ ಬಿಸಿ ಇತ್ತಂತೆ.

ಪುಸ್ತಕಪ್ರೀತಿ (ಮೈಸೂರು)

ಆ ಬಿಸಿ ಚಹಾ ಆಮೇಲೆ ಕಥೆಗಾರರು ಸೇರಿಸಿದ್ದು. ಹಡಗು ಸಿಕ್ಕಿದ್ದು 1872ರ ಡಿಸೆಂಬರ್ ಮೊದಲ ವಾರ, ಅಜೋರ್ಸ್ ದ್ವೀಪ ಮತ್ತು ಪೋರ್ಚುಗಲ್ ನಡುವೆ. ಅದರ ದಿನಚರಿಯ ಕೊನೆಯ ಬರಹ ನವೆಂಬರ್ 25ರದ್ದು. ಅಂದರೆ ಜನ ಹೋಗಿ ಒಂದು ವಾರದ ಮೇಲಾಗಿತ್ತು, ಚಹಾ ಹೇಗೆ ಬಿಸಿ ಇರುತ್ತದೆ?

ನಿಜವಾಗಿ ಅಲ್ಲಿ ಏನಿತ್ತು ಅಂತ ನೋಡಿದರೆ ಅದೇ ಜಾಸ್ತಿ ಮನಸ್ಸು ಕಲಕುತ್ತದೆ. ಹೊಟ್ಟೆಯಲ್ಲಿ 1,701 ಪೀಪಾಯಿ ಮದ್ಯಸಾರ. ತಳದಲ್ಲಿ ಮೂರೂವರೆ ಅಡಿಯಷ್ಟು ನೀರು. ನೀರೆತ್ತುವ ಪಂಪ್ ಒಂದನ್ನು ಬಿಚ್ಚಿ ಇಟ್ಟಿದ್ದರು. ನೀರಿನ ಮಟ್ಟ ಅಳೆಯುವ ಕೋಲು ಮೇಲೇ ಬಿದ್ದಿತ್ತು. ಚಿಕ್ಕ ದೋಣಿ ಇರಲಿಲ್ಲ, ದಿಕ್ಕು ನೋಡುವ ಉಪಕರಣಗಳೂ ಇರಲಿಲ್ಲ. ಅಂದರೆ ಕ್ಯಾಪ್ಟನ್ ಯೋಚನೆ ಮಾಡಿಯೇ ದೋಣಿಗೆ ಇಳಿದಿದ್ದಾರೆ. ಹಡಗು ಮುಳುಗುತ್ತದೆ ಅಂತಲೋ, ಮದ್ಯಸಾರದ ಆವಿ ಸಿಡಿಯುತ್ತದೆ ಅಂತಲೋ ಹೆದರಿ, ಹೆಂಡತಿ, ಎರಡು ವರ್ಷದ ಮಗಳು, ಏಳು ಜನ ಕೆಲಸಗಾರರ ಜೊತೆ. ಆ ದೋಣಿ ಮಾತ್ರ ಸಿಗಲೇ ಇಲ್ಲ. ದೆವ್ವ, ಆಕ್ಟೋಪಸ್ ಕಥೆ ಕಟ್ಟುವವರಿಗೆ ಆ ಮಗು ನೆನಪೇ ಆಗಲ್ಲ.

ಹಡಗನ್ನು ಕಂಡು ಬಂದರಿಗೆ ತಂದವರ ಮೇಲೇ ಜಿಬ್ರಾಲ್ಟರ್ ಕೋರ್ಟಿನಲ್ಲಿ ಕೊಲೆಯ ಅನುಮಾನ ಬಂತು. ಸಾಬೀತಾಗಲಿಲ್ಲ. ಆದರೂ ಅವರಿಗೆ ಸಿಗಬೇಕಾದ ಬಹುಮಾನದ ಹಣ ಕಡಿಮೆಯಾಯಿತು.

ಶರಾವತಿಮುಖ (ಹೊನ್ನಾವರ)

ನಮ್ಮ ಕಡೆ ಹಿರಿಯರು ಕಡಲಿಗೆ ಹೋದವನು ಬರಲಿಲ್ಲ ಅಂದರೆ ಕಾರಣ ಕೇಳುತ್ತಿರಲಿಲ್ಲ. ಸಮುದ್ರರಾಜ ಕರೆದುಕೊಂಡ ಅಂತ ಹೇಳಿ ಸುಮ್ಮನಾಗುತ್ತಿದ್ದರು. ನೂಲ ಹುಣ್ಣಿಮೆಗೆ ಹಾಲು, ತೆಂಗಿನಕಾಯಿ ಬಿಡೋದು ಇವತ್ತಿಗೂ ತಪ್ಪಿಲ್ಲ. ಅದನ್ನು ಮೂಢನಂಬಿಕೆ ಅಂತ ಯಾರೂ ಇಲ್ಲಿ ಕಡೆಗಣಿಸಬೇಡಿ. ಹೆಣವೇ ಸಿಗದ ಮನೆಯಲ್ಲಿ ಏನಾದರೂ ಒಂದು ಮಾತು ಬೇಕಾಗುತ್ತದೆ.

ಹಳೇ_ಚೀಫ್_ಆಫೀಸರ್ (ಮಂಗಳೂರು)

ನಾನಂತೂ ಕಡೆಗಣಿಸಲ್ಲ. ಹಡಗಿನಲ್ಲೂ ಪೂಜೆ ಮಾಡಿಯೇ ಹೊರಡುತ್ತಿದ್ದೆವು.

ಈಗ ಕೈರಳಿ. ಕಬ್ಬಿಣದ ಅದಿರು ತುಂಬಿದ ಹಡಗು ಹೊರಗಿನಿಂದ ನೋಡಿದರೆ ಅರ್ಧ ಖಾಲಿ ಇದ್ದ ಹಾಗೆ ಕಾಣುತ್ತದೆ. ಅದಿರು ಅಷ್ಟು ಭಾರ. ತಳದಲ್ಲಿ ಸ್ವಲ್ಪ ಜಾಗ ತುಂಬುವಷ್ಟರಲ್ಲೇ ಹಡಗಿನ ತೂಕದ ಮಿತಿ ಮುಗಿದಿರುತ್ತದೆ, ಮೇಲೆಲ್ಲ ಬರೀ ಗಾಳಿ. ಆ ಖಾಲಿ ಜಾಗಕ್ಕೆ ನೀರು ನುಗ್ಗಿದರೆ ನಿಮಿಷಗಳಲ್ಲಿ ಕಥೆ ಮುಗಿಯುತ್ತದೆ. ರೇಡಿಯೋ ಕೋಣೆಗೆ ಓಡೋಕೂ ಸಮಯ ಇರಲ್ಲ.

ಇನ್ನೊಂದು ಅಪಾಯ ತೇವ. ಸಮುದ್ರದ ದಂಡೆಯಲ್ಲಿ ಒದ್ದೆ ಮರಳಿನ ಮೇಲೆ ನಿಂತು ಕಾಲು ಕುಣಿಸಿದರೆ ಗಟ್ಟಿ ಮರಳು ಮೆತ್ತಗಾಗಿ ನೀರು ಮೇಲೆ ಬರುತ್ತದಲ್ಲ, ಅದೇ ರೀತಿ ಪುಡಿ ಅದಿರೂ ಇಂಜಿನ್ನಿನ ನಡುಕ, ಅಲೆಯ ಹೊಡೆತಕ್ಕೆ ಒಮ್ಮೆಲೇ ಕೆಸರಾಗುತ್ತದೆ. ಹಡಗು ಒಂದು ಕಡೆ ವಾಲಿದಾಗ ಸಾವಿರಾರು ಟನ್ ಕೆಸರು ಆ ಕಡೆ ಜಾರುತ್ತದೆ, ಹಡಗು ಮೇಲೇಳುವಾಗ ಅದು ವಾಪಸು ಬರಲ್ಲ. ಮುಂದಿನ ಅಲೆಗೆ ಇನ್ನಷ್ಟು ವಾಲುತ್ತದೆ.

ಲೋಡಿಂಗ್ ವೇಳೆ ನಾವು ಒಂದು ಪರೀಕ್ಷೆ ಮಾಡುತ್ತಿದ್ದೆವು. ಒಂದು ಡಬ್ಬಿಯಲ್ಲಿ ಅರ್ಧದಷ್ಟು ಅದಿರು ಹಾಕಬೇಕು. ಗೇಣಿನಷ್ಟು ಎತ್ತರದಿಂದ ಗಟ್ಟಿ ನೆಲಕ್ಕೆ ಕುಟ್ಟಬೇಕು, ಒಂದೆರಡು ಸೆಕೆಂಡಿಗೆ ಒಂದು ಸಲ, ಒಟ್ಟು 25 ಸಲ. ಆಮೇಲೆ ಡಬ್ಬಿಯೊಳಗೆ ನೋಡಬೇಕು. ಮೇಲ್ಮೈ ಹೊಳೆಯುತ್ತಿದ್ದರೆ, ನೀರು ಪಸರಿದ್ದರೆ ಲೋಡಿಂಗ್ ನಿಲ್ಲಿಸಿ ಲ್ಯಾಬಿಗೆ ಕಳಿಸಬೇಕು. ಒಣಗಿದಂತೆ ಕಂಡರೂ ಪೂರ್ತಿ ನಂಬೋ ಹಾಗಿಲ್ಲ.

ಇದು ಪುಸ್ತಕದ ಬದನೆಕಾಯಿ ಅಲ್ಲ. 2009ರ ಜುಲೈನಲ್ಲಿ ಏಷ್ಯನ್ ಫಾರೆಸ್ಟ್ ಅನ್ನೋ ಹಡಗು ನಮ್ಮ ನವಮಂಗಳೂರು ಬಂದರಿನಲ್ಲೇ ಅದಿರು ಪುಡಿ ತುಂಬಿಕೊಂಡು ಹೊರಟು, ಮಂಗಳೂರಿನ ಹತ್ತಿರವೇ ವಾಲಿ ಮುಳುಗಿತು. ದಡ ಹತ್ತಿರ ಇತ್ತು, ಕೋಸ್ಟ್ ಗಾರ್ಡ್ ಹೋಗಿ ಹದಿನೆಂಟೂ ಜನರನ್ನು ಉಳಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪಾರಾದೀಪ್ ಬಳಿ ಬ್ಲ್ಯಾಕ್ ರೋಸ್ ಮಗುಚಿತು. ಮಳೆಗಾಲ, ಬಯಲಲ್ಲಿ ರಾಶಿ ಹಾಕಿದ ಅದಿರು, ಒದ್ದೆಯಾಗಿಯೇ ಹಡಗಿಗೆ. ಏಷ್ಯನ್ ಫಾರೆಸ್ಟ್ ನಡುಸಮುದ್ರದಲ್ಲಿ ಮುಳುಗಿದ್ದರೆ ಅದರ ಬಗ್ಗೆಯೂ ನಾವು ಇಲ್ಲಿ ಹೀಗೇ ಕೇಳುತ್ತಿದ್ದೆವು.

ಕೈರಳಿ ಹೊರಟದ್ದೂ ಮಳೆಗಾಲದಲ್ಲೇ. ಅದಕ್ಕೂ ಇದೇ ಆಯಿತು ಅಂತ ಸಾಬೀತಾಗಿಲ್ಲ, ನಾನು ಹೇಳೋದೂ ಇಲ್ಲ. ಕರೆ ಕೊಡದೆ ಮುಳುಗೋದು ಸಾಧ್ಯವಾ ಅಂತ ಕೇಳಿದಿರಿ. ಸಾಧ್ಯ.

ಸಂದೇಹಿ (ಹುಬ್ಬಳ್ಳಿ)

ಒಪ್ಪಿದೆ. ಆದರೆ ಒಂದು ಹಲಗೆ, ಒಂದು ಲೈಫ್ ಜಾಕೆಟ್, ಎಣ್ಣೆಯ ಪದರ, ಏನಾದರೂ ಸಿಗಬೇಕಿತ್ತಲ್ಲ? ಇಪ್ಪತ್ತು ಸಾವಿರ ಟನ್ ಹಡಗು ಅದು. ಏನೂ ಸಿಗಲಿಲ್ಲ ಅನ್ನೋದರಿಂದಲೇ ಜನ ಕಡಲ್ಗಳ್ಳರ ಕಡೆ ಹೋದದ್ದು.

ಹಳೇ_ಚೀಫ್_ಆಫೀಸರ್ (ಮಂಗಳೂರು)

ಯಾವಾಗ ಹುಡುಕಿದರು ನೋಡಿ. ಹಡಗು ಜಿಬೂಟಿಗೆ ಜುಲೈ 8ಕ್ಕೆ ಮುಟ್ಟಬೇಕಿತ್ತು. ಮುಟ್ಟಲಿಲ್ಲ ಅನ್ನೋ ಸುದ್ದಿ ಇಲ್ಲಿಗೆ ಬಂದು, ವಿಮಾನ, ಹಡಗು ಹೊರಡುವಷ್ಟರಲ್ಲಿ ಕೊನೆಯ ಸಂದೇಶ ಬಂದು ಒಂದು ವಾರಕ್ಕೂ ಜಾಸ್ತಿ ಆಗಿತ್ತು. ಜುಲೈನ ಅರಬ್ಬಿ ಸಮುದ್ರದಲ್ಲಿ ಎಣ್ಣೆ ಪದರ ಒಂದು ವಾರ ಹಾಗೇ ನಿಲ್ಲಲ್ಲ. ತೇಲುವ ವಸ್ತು ದಿನಕ್ಕೆ ಎಷ್ಟೋ ಮೈಲಿ ಹೋಗುತ್ತದೆ. ಹಡಗು ಜುಲೈ 3ರ ಸಂಜೆಯೇ ಮುಳುಗಿತೋ, 5ಕ್ಕೋ, 7ಕ್ಕೋ ಗೊತ್ತಿಲ್ಲದಿದ್ದರೆ ಹುಡುಕುವ ಜಾಗ ಕರ್ನಾಟಕದಷ್ಟು ದೊಡ್ಡದಾಗುತ್ತದೆ. ಸಿಗಲಿಲ್ಲ ಅನ್ನೋದು ಏನೂ ಇರಲಿಲ್ಲ ಅನ್ನೋದಕ್ಕೆ ಸಾಕ್ಷಿ ಆಗಲ್ಲ.

ಇನ್ನು ಕಡಲ್ಗಳ್ಳರು. ಇಪ್ಪತ್ತು ಸಾವಿರ ಟನ್ ಅದಿರನ್ನು ಕದ್ದು ಯಾರಿಗೆ ಮಾರುತ್ತಾರೆ? ಸೋಮಾಲಿಯಾದವರು ಹಡಗು ಹಿಡಿದು ಒತ್ತೆ ಹಣ ಕೇಳುವ ಕಾಲ ಬಂದದ್ದು ಬಹಳ ಆಮೇಲೆ. ಹಿಡಿದಿದ್ದರೂ ಯಾರಾದರೂ ಹಣ ಕೇಳಬೇಕಿತ್ತು.

ಬಲೆಮನೆ (ಮಲ್ಪೆ)

ಇಷ್ಟು ಹೊತ್ತು ಓದುತ್ತಾ ಇದ್ದೆ. ಕಡಲ್ಗಳ್ಳರ ಮಾತನ್ನು ಜನ ಯಾಕೆ ಬಿಡಲ್ಲ ಅಂತ ನಾನು ಹೇಳುತ್ತೇನೆ.

2018ರ ಡಿಸೆಂಬರ್ 13ರಂದು ಸುವರ್ಣ ತ್ರಿಭುಜ ಬೋಟು ನಮ್ಮ ಮಲ್ಪೆಯಿಂದ ಹೊರಟಿತು. ಏಳು ಜನ. ಉಡುಪಿ ಜಿಲ್ಲೆಯವರು, ಉತ್ತರ ಕನ್ನಡದವರು. ಆಳಸಮುದ್ರದ ಬೋಟುಗಳು ಒಟ್ಟಿಗೇ ಹೋಗುತ್ತವೆ, ವಯರ್‌ಲೆಸ್‌ನಲ್ಲಿ ಮಾತಾಡಿಕೊಂಡೇ ಇರುತ್ತವೆ. ಡಿಸೆಂಬರ್ 15ರ ರಾತ್ರಿಯ ನಂತರ ಆ ಬೋಟು ಮಾತಾಡಲಿಲ್ಲ. ಆಗ ಚಂಡಮಾರುತ ಇರಲಿಲ್ಲ. ಮುಳುಗಿದ್ದರೆ ಡೀಸೆಲ್, ಬಲೆ, ಐಸ್ ಪೆಟ್ಟಿಗೆ ತೇಲಬೇಕಲ್ಲ ಅಂತ ಎಲ್ಲರೂ ಕೇಳಿದರು. ಆಮೇಲೆ ಮಹಾರಾಷ್ಟ್ರದ ಕಡೆ ಮೀನಿನ ಪೆಟ್ಟಿಗೆ ಸಿಕ್ಕಿತು ಅಂತ ಸುದ್ದಿ ಬಂತು. ದೊಡ್ಡ ಹಡಗು ಗುದ್ದಿದೆ ಅಂತ ಒಂದು ಮಾತು. ಬೇರೆ ರಾಜ್ಯದವರು ಹಿಡಿದು ಇಟ್ಟುಕೊಂಡಿದ್ದಾರೆ ಅಂತ ಒಂದು ಮಾತು. ಉಗ್ರರು ಅಪಹರಿಸಿದ್ದಾರೆ ಅಂತ ಇನ್ನೊಂದು. ಜನವರಿಯಲ್ಲಿ ನಾವೆಲ್ಲ ಬೋಟು ನಿಲ್ಲಿಸಿ ಹೆದ್ದಾರಿಯಲ್ಲಿ ಕೂತೆವು. ಹುಡುಕಿ ಅನ್ನೋದು ಒಂದೇ ಬೇಡಿಕೆ.

ಅಪಹರಣ ಅನ್ನೋ ಮಾತನ್ನು ಮನೆಯವರು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಯಾಕೆ ಹೇಳಿ? ಮುಳುಗಿದೆ ಅಂದರೆ ಏಳೂ ಜನ ಸತ್ತ ಹಾಗೆ. ಹಿಡಿದಿಟ್ಟಿದ್ದಾರೆ ಅಂದರೆ ಬದುಕಿದ್ದಾರೆ ಅಂತ ಅರ್ಥ. ಊರಿನವರು ಯಾರೂ ಅವರ ಎದುರು ಬೇರೆ ಮಾತು ಆಡುತ್ತಿರಲಿಲ್ಲ. ಕೈರಳಿ ಮನೆಯವರೂ ಹಾಗೇ ಇದ್ದಿರಬೇಕು.

2019ರ ಮೇ ತಿಂಗಳ ಮೊದಲ ವಾರ ನೌಕಾಪಡೆಯ ಐ.ಎನ್.ಎಸ್. ನಿರೀಕ್ಷಕ್ ಹಡಗು ಮಾಲ್ವಣ್ ತೀರದ ಆಚೆ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು. ಅರವತ್ತು ಮೀಟರ್ ಅಷ್ಟೇ. ಅದಕ್ಕೆ ನಾಲ್ಕೂವರೆ ತಿಂಗಳು. ಹೇಗೆ ಮುಳುಗಿತು ಅನ್ನೋದರ ಬಗ್ಗೆ ನಮ್ಮ ಬಂದರಿನಲ್ಲಿ ಇವತ್ತಿಗೂ ಎಲ್ಲರಿಗೂ ಸಮಾಧಾನ ಇಲ್ಲ. ಹಾಗಾಗಿ ಕಾರಣ ಗೊತ್ತಿಲ್ಲದ ಮನೆಗೆ ಹೋಗಿ 'ಇದರಲ್ಲಿ ರಹಸ್ಯ ಏನೂ ಇಲ್ಲ' ಅಂತ ಹೇಳುವ ಮೊದಲು ಸ್ವಲ್ಪ ತಡೆಯಿರಿ. ಅವರು ಕಥೆ ಕಟ್ಟುತ್ತಿಲ್ಲ, ಹುಡುಕಾಟ ನಿಲ್ಲದಿರಲಿ ಅಂತ ಕೇಳುತ್ತಿದ್ದಾರೆ.

ಸಂದೇಹಿ (ಹುಬ್ಬಳ್ಳಿ)

ನಿಮ್ಮ ಮಾತು ಓದಿ ಬಹಳ ಹೊತ್ತು ಏನೂ ಬರೆಯೋಕೆ ಆಗಲಿಲ್ಲ. ಧನ್ಯವಾದ.

ಕರಿಕೋಟು (ಕುಂದಾಪುರ)

ಬಲೆಮನೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೆಣ ಸಿಗದಿದ್ದರೆ ಕಾನೂನಿನಲ್ಲೂ ತೊಂದರೆ. ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ ಮಾತ್ರ ಸತ್ತಿದ್ದಾರೆ ಅಂತ ಭಾವಿಸಬಹುದು ಅಂತ ಸಾಕ್ಷ್ಯ ಕಾಯ್ದೆಯ 108ನೇ ಕಲಮಿನಲ್ಲಿ ಇತ್ತು. ಹೊಸ ಕಾಯ್ದೆಯಲ್ಲೂ ಆ ಏಳು ವರ್ಷ ಹಾಗೇ ಇದೆ. ಅಲ್ಲಿಯವರೆಗೆ ಮರಣ ಪತ್ರ, ವಿಮೆ, ಬ್ಯಾಂಕಿನ ಹಣ, ಜಾಗದ ಖಾತೆ, ಎಲ್ಲಕ್ಕೂ ಅಲೆದಾಟ. 2017ರ ಒಖಿ ಚಂಡಮಾರುತದ ನಂತರ ಕೇರಳ, ಕನ್ಯಾಕುಮಾರಿ ಕಡೆಯ ಕಾಣೆಯಾದ ಮೀನುಗಾರರ ಮನೆಯವರಿಗಾಗಿ ಸರ್ಕಾರಗಳು ಏಳು ವರ್ಷ ಕಾಯದೆ ದಾರಿ ಮಾಡಿಕೊಟ್ಟವು. ಮನಸ್ಸು ಮಾಡಿದರೆ ಆಗುತ್ತದೆ. ಗಂಡ ಇದ್ದಾನೋ ಇಲ್ಲವೋ ಅಂತ ಗೊತ್ತಿಲ್ಲದ ಹೆಣ್ಣುಮಗಳಿಗೆ ಅರ್ಜಿಯಲ್ಲಿ 'ವಿಧವೆ' ಅಂತ ಬರೆಸೋಕೆ ಹೇಳೋದು ಎಷ್ಟು ಕಷ್ಟ ಅಂತ ನನ್ನಂಥವರಿಗೆ ಗೊತ್ತು.

ಪುಸ್ತಕಪ್ರೀತಿ (ಮೈಸೂರು)

ಮನೆಯವರು ಬಿಡದೆ ಹಿಡಿದದ್ದರಿಂದಲೇ ಉತ್ತರ ಸಿಕ್ಕ ಒಂದು ಪ್ರಕರಣ ಇದೆ. ಬ್ರಿಟನ್ನಿನ ಡರ್ಬಿಶೈರ್ ಹಡಗು. 1980ರ ಸೆಪ್ಟೆಂಬರಿನಲ್ಲಿ ಜಪಾನಿನ ದಕ್ಷಿಣಕ್ಕೆ ಚಂಡಮಾರುತದಲ್ಲಿ ಮುಳುಗಿತು. 44 ಜನ. ಅದರಲ್ಲೂ ಅದಿರು, ಒಂದೂವರೆ ಲಕ್ಷ ಟನ್ನಿಗೂ ಜಾಸ್ತಿ. ಅದೂ ಕರೆ ಕೊಡಲಿಲ್ಲ. ಮೊದಲ ವಿಚಾರಣೆ 'ಪ್ರಕೃತಿಯ ಹೊಡೆತ' ಅಂತ ಹೇಳಿ ಮುಗಿಸಿತು. ಮನೆಯವರು ಒಪ್ಪಲಿಲ್ಲ. ನಾವಿಕರ ಸಂಘಟನೆಯ ಹಣದಿಂದ 1994ರಲ್ಲಿ ಹುಡುಕಿಸಿದರು. ಸುಮಾರು ನಾಲ್ಕು ಕಿಲೋಮೀಟರ್ ಆಳದಲ್ಲಿ ಸಿಕ್ಕಿತು.

ಆಮೇಲೂ ಒಂದು ವರದಿ, ಮುಂಭಾಗದ ಮುಚ್ಚಳವನ್ನು ಕೆಲಸಗಾರರು ಸರಿಯಾಗಿ ಹಾಕಿರಲಿಲ್ಲ ಅಂತ ಸತ್ತವರ ಮೇಲೇ ತಪ್ಪು ಹಾಕಿತ್ತು. ಸಾವಿರಾರು ಫೋಟೋ ತೆಗೆದು ನೋಡಿದ ಮೇಲೆ, 2000ದಲ್ಲಿ ಮರುವಿಚಾರಣೆ ಅವರನ್ನು ದೋಷಮುಕ್ತ ಮಾಡಿತು. ಅಲೆಗಳು ಮುಂಭಾಗದ ಗಾಳಿಕೊಳವೆಗಳನ್ನು ಮುರಿದಿದ್ದವು. ಅಲ್ಲಿಂದ ನೀರು ತುಂಬಿ ಮೂತಿ ಕೆಳಗಾಯಿತು, ಆಮೇಲೆ ಸರಕಿನ ಕೋಣೆಯ ಮುಚ್ಚಳಗಳು ಒಂದೊಂದಾಗಿ ಕುಸಿದವು. ಇಪ್ಪತ್ತು ವರ್ಷ ಆದ ಮೇಲೆ.

ಕಬ್ಬನ್‌ಪೇಟೆ (ಬೆಂಗಳೂರು)

ದೊಡ್ಡ ಅಲೆಗಳ ಬಗ್ಗೆ ಯಾರೂ ಬರೆದಿಲ್ಲ. ಸುತ್ತಲಿನ ಅಲೆಗಿಂತ ಎರಡು ಪಟ್ಟು ಎತ್ತರದ ಒಂಟಿ ಅಲೆ ಬರುತ್ತದೆ ಅಂತ ನಾವಿಕರು ಹೇಳಿದರೆ ಹಿಂದೆ ಯಾರೂ ನಂಬುತ್ತಿರಲಿಲ್ಲ. 1995ರ ಜನವರಿ 1ರಂದು ನಾರ್ವೆಯ ಡ್ರೌಪ್ನರ್ ಅನಿಲ ವೇದಿಕೆಯ ಉಪಕರಣದಲ್ಲಿ 25.6 ಮೀಟರ್ ಅಲೆ ದಾಖಲಾಯಿತು. ಆವತ್ತು ಉಳಿದ ದೊಡ್ಡ ಅಲೆಗಳು ಅದರ ಅರ್ಧದಷ್ಟಿದ್ದವು. 1978ರಲ್ಲಿ ಅಟ್ಲಾಂಟಿಕ್‌ನಲ್ಲಿ ಕಾಣೆಯಾದ ಜರ್ಮನಿಯ ಮ್ಯೂನ್ಶೆನ್ ಹಡಗಿನ ಒಂದು ಲೈಫ್ ಬೋಟ್ ಸಿಕ್ಕಿತ್ತು. ನೀರಿನಿಂದ ಇಪ್ಪತ್ತು ಮೀಟರ್ ಎತ್ತರದಲ್ಲಿ ತೂಗುಹಾಕಿದ್ದ ಬೋಟು ಅದು. ಅದರ ಕಬ್ಬಿಣದ ಕೀಲುಗಳು ಬಾಗಿದ್ದವು. ಅಂದರೆ ಅಲೆ ಅಷ್ಟು ಎತ್ತರಕ್ಕೆ ಬಂದು ಹೊಡೆದಿತ್ತು.

ಶರಾವತಿಮುಖ (ಹೊನ್ನಾವರ)

ನಮ್ಮ ಅಜ್ಜ ಇಂಥ ಅಲೆಯ ಬಗ್ಗೆ ಹೇಳುತ್ತಿದ್ದರು. ಉಪಕರಣ ಬರುವ ತನಕ ಕಡಲಿನವರ ಮಾತಿಗೆ ಬೆಲೆ ಇರಲ್ಲ.

ಮರಳುದಂಡೆ (ಕಾರವಾರ)

ಎಲ್ಲರಿಗೂ ಧನ್ಯವಾದ. ಈಗಿನ ತಂತ್ರಜ್ಞಾನದಲ್ಲಿ ಕೈರಳಿಯನ್ನು ಹುಡುಕೋಕೆ ಆಗಲ್ವಾ? ಮಲೇಷ್ಯಾದ ಎಂ.ಎಚ್. 370 ವಿಮಾನಕ್ಕೆ ಅಷ್ಟು ವರ್ಷ ಹುಡುಕಿದರಲ್ಲ.

ಕಬ್ಬನ್‌ಪೇಟೆ (ಬೆಂಗಳೂರು)

ಎಂ.ಎಚ್. 370ಕ್ಕೆ 1,20,000 ಚದರ ಕಿಲೋಮೀಟರ್ ತಳ ಜಾಲಾಡಿ 2017ರ ಜನವರಿಯಲ್ಲಿ ನಿಲ್ಲಿಸಿದರು. ರೆಕ್ಕೆಯ ಒಂದು ತುಂಡು ರಿಯೂನಿಯನ್ ದ್ವೀಪದಲ್ಲಿ ದಡಕ್ಕೆ ಬಂತು, ವಿಮಾನ ಸಿಗಲಿಲ್ಲ.

ಆದರೆ ನಮ್ಮ ದೇಶದ ಒಂದು ಉದಾಹರಣೆ ಬೇರೆ ಥರ ಇದೆ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎ.ಎನ್. 32 ವಿಮಾನ 29 ಜನರ ಜೊತೆ ಬಂಗಾಳ ಕೊಲ್ಲಿಯಲ್ಲಿ ಕಾಣೆಯಾಯಿತು. ಆಗ ಎಷ್ಟು ಹುಡುಕಿದರೂ ಒಂದು ಚೂರೂ ಸಿಗಲಿಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮುಂದೆ ನೀರೊಳಗೆ ತಾನಾಗೇ ಓಡಾಡುವ ಯಂತ್ರವನ್ನು ಇಳಿಸಿತು. 3,400 ಮೀಟರ್ ಆಳದಲ್ಲಿ ವಿಮಾನದ ಚೂರುಗಳ ಚಿತ್ರ ಸಿಕ್ಕಿತು ಅಂತ 2024ರ ಜನವರಿಯಲ್ಲಿ ಪ್ರಕಟವಾಯಿತು. ಏಳೂವರೆ ವರ್ಷ. ಹಾಗಾಗಿ ಯಂತ್ರ ನಮ್ಮ ಹತ್ತಿರವೇ ಇದೆ.

ಹಳೇ_ಚೀಫ್_ಆಫೀಸರ್ (ಮಂಗಳೂರು)

ಹಡಗು ವಿಮಾನದಷ್ಟು ಚೂರಾಗಲ್ಲ, ದೊಡ್ಡದಾಗಿ ಕಾಣುತ್ತದೆ. ಅದೊಂದು ಅನುಕೂಲ. ಆದರೆ ಗೋವಾದಿಂದ ಜಿಬೂಟಿ ದಾರಿಯಲ್ಲಿ ಎಲ್ಲಿ ಅಂತ ಶುರು ಮಾಡೋದು? ಕೊನೆಯ ಸಂದೇಶದಲ್ಲಿ ಕೊಟ್ಟ ಜಾಗದಿಂದ ಮುಂದೆ ಹಡಗಿನ ದಾರಿ ಉದ್ದಕ್ಕೂ ನೋಡಬೇಕು. ದುಡ್ಡಿನ ಪ್ರಶ್ನೆ ಇದೆ, ನಿಜ. ಆದರೂ ನನ್ನ ಅಭಿಪ್ರಾಯ ಕೇಳಿದರೆ ಹುಡುಕಬೇಕು. ಹೇಗೂ ಸಮುದ್ರದ ತಳದ ನಕ್ಷೆ ಮಾಡೋಕೆ ಹಡಗುಗಳು ಹೋಗುತ್ತಿವೆ. ಆ ಗೆರೆಯ ಮೇಲೂ ಒಂದು ಸಲ ಹೋಗಿ ಬರಲಿ. ಡರ್ಬಿಶೈರ್ ಸಿಕ್ಕಿದ್ದರಿಂದ ಅದಿರು ಹಡಗುಗಳ ಮುಂಭಾಗದ ಮುಚ್ಚಳಗಳ ನಿಯಮ ಗಟ್ಟಿಯಾಯಿತು. ಈಗ ದುಡಿಯುವ ನಾವಿಕರಿಗೆ ಅದರ ಲಾಭ ಸಿಕ್ಕಿದೆ.

ಬಲೆಮನೆ (ಮಲ್ಪೆ)

ಹಳೆಯದನ್ನು ಹುಡುಕಲಿ. ಹೊಸದಾಗಿ ಯಾರೂ ಕಾಣೆಯಾಗದ ಹಾಗೆ ಏನು ಮಾಡಬಹುದು ಅಂತಲೂ ಹೇಳಿ. ಬೋಟಿನಲ್ಲಿ ಇಡುವ ಆ ಇಸ್ರೋ ಯಂತ್ರದ ಬಗ್ಗೆ ಗೊತ್ತಿದ್ದವರು ಇದ್ದೀರಾ?

ಕಬ್ಬನ್‌ಪೇಟೆ (ಬೆಂಗಳೂರು)

ಅದಕ್ಕೆ ಡ್ಯಾಟ್ ಅಂತಾರೆ. ಗುಂಡಿ ಒತ್ತಿದರೆ ಬೋಟು ಇರುವ ಜಾಗ, ಬೆಂಕಿಯೋ ಮುಳುಗುತ್ತಿದೆಯೋ ಅನ್ನೋ ಮಾಹಿತಿ ಉಪಗ್ರಹದ ಮೂಲಕ ನಮ್ಮ ಬೆಂಗಳೂರಿನ ಇಸ್ರೋ ಕೇಂದ್ರಕ್ಕೇ ಬರುತ್ತದೆ. ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ. ಮೊದಲಿನ ಯಂತ್ರದಲ್ಲಿ ಕರೆ ಮುಟ್ಟಿತೋ ಇಲ್ಲವೋ ಅಂತ ಬೋಟಿನವರಿಗೆ ಗೊತ್ತಾಗುತ್ತಿರಲಿಲ್ಲ. 2024ರಲ್ಲಿ ಬಂದ ಎರಡನೇ ಪೀಳಿಗೆಯದರಲ್ಲಿ ಮುಟ್ಟಿದೆ ಅನ್ನೋ ಉತ್ತರ ವಾಪಸು ಬರುತ್ತದೆ. ಚಂಡಮಾರುತದ ಎಚ್ಚರಿಕೆಯನ್ನೂ ಅದೇ ದಾರಿಯಲ್ಲಿ ಬೋಟಿಗೆ ಕಳಿಸಬಹುದು, ಮೊಬೈಲಿಗೆ ಜೋಡಿಸಿ ಸ್ಥಳೀಯ ಭಾಷೆಯಲ್ಲೇ ಓದಬಹುದು. ದಡದಿಂದ ಕರೆ ಮಾಡೋಕೆ ಕೋಸ್ಟ್ ಗಾರ್ಡ್ ನಂಬರ್ 1554.

ಬಲೆಮನೆ (ಮಲ್ಪೆ)

ಗುಂಡಿ ಒತ್ತುವಷ್ಟು ಸಮಯ ಸಿಗಬೇಕಲ್ಲ. ರಾತ್ರಿ ಎಲ್ಲರೂ ಮಲಗಿದ್ದಾಗ ಹಡಗು ಗುದ್ದಿದರೆ?

ಹಳೇ_ಚೀಫ್_ಆಫೀಸರ್ (ಮಂಗಳೂರು)

ಸರಿಯಾದ ಪ್ರಶ್ನೆ. ದೊಡ್ಡ ಹಡಗಿನಲ್ಲಿ ಇರುವ ತುರ್ತು ಬೀಕನ್‌ಗೆ ಗುಂಡಿ ಬೇಡ. ಹಡಗು ಮುಳುಗಿ ಕೆಲವು ಮೀಟರ್ ಕೆಳಗೆ ಹೋದ ಕೂಡಲೇ ನೀರಿನ ಒತ್ತಡಕ್ಕೆ ಕೊಕ್ಕೆ ತಾನಾಗೇ ಬಿಟ್ಟುಕೊಂಡು ಬೀಕನ್ ಮೇಲೆ ತೇಲುತ್ತದೆ, ನೀರು ತಾಗಿ ಕರೆ ಶುರು ಮಾಡುತ್ತದೆ. ಕೈರಳಿ ಕಾಲದಲ್ಲಿ ಉಪಗ್ರಹಕ್ಕೆ ಕರೆ ಕಳಿಸುವ ಇಂಥ ಬೀಕನ್ ವ್ಯವಸ್ಥೆ ಇರಲಿಲ್ಲ. ಇದ್ದಿದ್ದರೆ ಜುಲೈ 3ರ ಆಸುಪಾಸಿನಲ್ಲೇ ಜಾಗ ಗೊತ್ತಾಗುತ್ತಿತ್ತು. ಹಾಗೆ ತಾನಾಗೇ ತೇಲುವಂಥದ್ದೇ ಆಳಸಮುದ್ರದ ಬೋಟಿಗೂ ಬೇಕು. ಬೋಟಿನ ಜಾಗವನ್ನು ಸುತ್ತಲಿನ ಹಡಗುಗಳಿಗೆ ತೋರಿಸುವ ಎ.ಐ.ಎಸ್. ಕೂಡ ಬೇಕು, ರಾತ್ರಿ ಅದನ್ನು ಆಫ್ ಮಾಡಬಾರದು. ಎಲ್ಲರೂ ಮಲಗೋದಂತೂ ಬೇಡ, ಒಬ್ಬರು ಎದ್ದಿರಲೇಬೇಕು.

ಬಲೆಮನೆ (ಮಲ್ಪೆ)

ಕೆಲವರು ಮೀನಿನ ಜಾಗ ಬೇರೆಯವರಿಗೆ ಗೊತ್ತಾಗುತ್ತದೆ ಅಂತ ಆಫ್ ಮಾಡುತ್ತಾರೆ. ಅದನ್ನು ನಮ್ಮ ಸಂಘದ ಸಭೆಯಲ್ಲಿ ಎತ್ತುತ್ತೇನೆ. ತಾನಾಗೇ ತೇಲುವ ಬೀಕನ್‌ಗೆ ಸಬ್ಸಿಡಿ ಕೊಡಿ ಅಂತ ಇಲಾಖೆಗೆ ಅರ್ಜಿ ಬರೆಯೋಕೆ ಕರಿಕೋಟಿನವರು ಸಹಾಯ ಮಾಡುತ್ತೀರಾ?

ಕರಿಕೋಟು (ಕುಂದಾಪುರ)

ಖಂಡಿತ. ಸಭೆ ಯಾವಾಗ ಅಂತ ತಿಳಿಸಿ, ಕರಡು ಮಾಡಿಕೊಂಡೇ ಬರುತ್ತೇನೆ.